ಎದುರು ದಂಡೆ

ಮಸಗುಪ್ಪಿಯಂಥ ಹೊಳೆದಂಡೆಯ ಊರಿನಲ್ಲಿ ಬೆನ್ನಿಗೆ ಬೆಂಡು ಕಟ್ಟಿಕೊಂಡು ಈಸು ಕಲಿಯುವ ಹುಡುಗನಿಗೆ ದಂಡೆಯ ಮೇಲೆ ಕೂತವರು ಕೂಗಿ ಹೇಳುವುದು ಒಂದೇ ಮಾತು: ‘ಸೆಳವಿಗೆ ಎದುರ ಬೀಳಬ್ಯಾಡೋ, ಓರೆ ಹೊಡಿ!’ ಹೊಳೆ ಘಟಪ್ರಭೆ. ಹುಡುಗನಿಗೆ ಅದರ ಮೇಲೆ ಯಾವ ಸಿಟ್ಟೂ ಇಲ್ಲ. ಮನೆಯ ಎಮ್ಮೆ ಮೈ ತೊಳೆಯುವುದು ಅದರಲ್ಲೇ, ಹೊಲದ ಕಬ್ಬು ಕುಡಿಯುವುದೂ ಅದರ ನೀರನ್ನೇ. ಆದರೂ ನೀರಿಗಿಳಿದ ಮೇಲೆ ಅದು ಅವನಿಗೆ ‘ಎದುರು’. ವೈರಿಯಲ್ಲದೆಯೂ ಎದುರಿಗಿರಬಹುದು ಎಂಬುದನ್ನು ಆ ಹುಡುಗ ನಿಘಂಟು ತೆರೆಯದೆ, ಮೂಗಿನಲ್ಲಿ ನೀರು ಹೊಕ್ಕಾಗ ಕಲಿಯುತ್ತಾನೆ.

ಎದುರು ಎನ್ನುವುದು ಅಚ್ಚ ದ್ರಾವಿಡ ಪದ. ಹಳಗನ್ನಡದಲ್ಲಿ ಇದಿರ್, ತಮಿಳಿನಲ್ಲಿ ಎದಿರ್, ತೆಲುಗಿನಲ್ಲಿ ಎದುರು. ಅದರ ಮೊದಲ ಅರ್ಥದಲ್ಲಿ ಜಗಳದ ಸುಳಿವೇ ಇಲ್ಲ. ಮುಖದ ಮುಂದೆ ಇರುವುದು, ಅಷ್ಟೇ. ಎದುರು ಮನೆಯವರಿಂದ ಸಕ್ಕರೆ ಕಡ ತರುತ್ತೇವೆ, ಬಸ್ಸಿನಲ್ಲಿ ಎದುರು ಸೀಟಿನವರ ಊರು ವಿಚಾರಿಸುತ್ತೇವೆ. ಕಬ್ಬಿನ ಹಂಗಾಮಿನಲ್ಲಿ ಗೋಕಾಕ–ಮೂಡಲಗಿ ಕಡೆಯ ಹಾದಿಗಳಲ್ಲಿ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರು ಹಾಡು ಹಚ್ಚಿಕೊಂಡು ಬರುತ್ತಿದ್ದರೆ ಬೈಕಿನವನು ‘ಎದುರ ಗಾಡಿ ಬಂತು’ ಎಂದು ಬದಿಗೆ ಸರಿಯುತ್ತಾನೆ. ಟ್ರ್ಯಾಕ್ಟರಿನವನು ಅವನ ವೈರಿಯೇನಲ್ಲ. ಬಹಳವಾದರೆ ಅವನ ಹಾಡಿನ ರುಚಿಯ ಬಗ್ಗೆ ತಕರಾರಿರಬಹುದು.

ಈ ಪದದ ಸೊಗಸು ಇರುವುದು ‘ಎದುರುಗೊಳ್ಳು’ ಎಂಬ ಕ್ರಿಯಾಪದದಲ್ಲಿ. ಬೀಗರು ಊರ ಅಗಸಿಗೆ ಬಂದರೆ ಮನೆಯವರು ವಾದ್ಯ ಹಿಡಿದು, ಕಾಲಿಗೆ ನೀರು ಹಿಡಿದು ಎದುರುಗೊಳ್ಳುತ್ತಾರೆ. ಹಳಗನ್ನಡ ಕಾವ್ಯಗಳಲ್ಲಿ ರಾಜರು ಅತಿಥಿಗಳನ್ನು ‘ಇದಿರ್ಗೊಳ್ಳುವ’ ಪ್ರಸಂಗಗಳು ಬೇಕಾದಷ್ಟಿವೆ. ‘ಎದುರಿಸು’ ಎಂದರೆ ಹೋರಾಟ, ‘ಎದುರುಗೊಳ್ಳು’ ಎಂದರೆ ಸ್ವಾಗತ. ಎರಡಕ್ಕೂ ಬೇಕಾದ ಕೆಲಸ ಒಂದೇ: ಮನೆಬಿಟ್ಟು ನಾಲ್ಕು ಹೆಜ್ಜೆ ಮುಂದೆ ಹೋಗಿ ಮುಖ ಕೊಡಬೇಕು. ಕೈಯಲ್ಲಿ ಆರತಿ ತಟ್ಟೆಯೋ ಬಡಿಗೆಯೋ ಎಂಬುದಷ್ಟೇ ಬೇರೆ. ಬೀಗರ ವಿಷಯದಲ್ಲಿ ಒಂದರಿಂದ ಇನ್ನೊಂದಕ್ಕೆ ದಾಟಲು ಊಟದ ಪಂಕ್ತಿಯಲ್ಲಿ ಒಂದು ಹೋಳಿಗೆ ಕಡಿಮೆಯಾದರೂ ಸಾಕು ಎಂಬುದು ಬೇರೆ ಮಾತು.

‘ಎದುರಾಳಿ’ ಹುಟ್ಟಿದ್ದು ಈ ಎದುರಿನಿಂದ. ಶಾಲೆಯ ಮಕ್ಕಳು ಇದನ್ನು ಎದುರು ನಿಂತ ‘ಆಳು’ ಎಂದು ಬಿಡಿಸಿಕೊಳ್ಳುವುದುಂಟು. ವ್ಯಾಕರಣದ ಪುಸ್ತಕಗಳು ಹೇಳುವುದು ಬೇರೆ. ಮಾತಾಳಿ, ಓದಾಳಿ, ಜೂಜಾಳಿಗಳಲ್ಲಿರುವ ‘ಆಳಿ’ ಪ್ರತ್ಯಯವೇ ಇಲ್ಲಿರುವುದು. ಮಾತನ್ನೇ ಕಸುಬು ಮಾಡಿಕೊಂಡವನು ಮಾತಾಳಿ, ಜೂಜನ್ನೇ ಹಿಡಿದವನು ಜೂಜಾಳಿ. ಹಾಗೆಯೇ ಎದುರು ನಿಲ್ಲುವುದನ್ನೇ ಸದ್ಯದ ಉದ್ಯೋಗ ಮಾಡಿಕೊಂಡವನು ಎದುರಾಳಿ. ಆಟ ಮುಗಿದರೆ ಉದ್ಯೋಗವೂ ಮುಗಿಯಿತು. ವೈರಿಗೆ ಇಂಥ ಸಂಜೆ ಆರರ ಗಂಟೆ ಇರುವುದಿಲ್ಲ. ಅವನದು ದಿನಪೂರ್ತಿ ನೌಕರಿ, ಅನೇಕ ಸಲ ವಂಶಪಾರಂಪರ್ಯ.

ಮತ್ತೆ ಹೊಳೆಗೆ ಬರಬೇಕು, ಏಕೆಂದರೆ ವಿರೋಧದ ಮಾತುಗಳಲ್ಲಿ ಕೆಲವು ಹೊಳೆದಂಡೆಯಲ್ಲೇ ಹುಟ್ಟಿವೆ. ‘ಅನುಕೂಲ’, ‘ಪ್ರತಿಕೂಲ’ ಎಂದು ನಾವು ಸರಕಾರಿ ಅರ್ಜಿಯಲ್ಲೂ ಮದುವೆಯ ಮಾತುಕತೆಯಲ್ಲೂ ಬಳಸುತ್ತೇವೆ. ‘ಮಕ್ಕಳ ಪರೀಕ್ಷೆ ಮುಗದ ಮ್ಯಾಲೆ ನಮಗ ಅನುಕೂಲ’ ಎನ್ನುವ ಬೀಗಿತ್ತಿಗೆ ತಾನು ನದಿಯ ಮಾತಾಡುತ್ತಿದ್ದೇನೆಂಬ ಅರಿವು ಇರಲಿಕ್ಕಿಲ್ಲ. ಸಂಸ್ಕೃತದಲ್ಲಿ ಕೂಲ ಎಂದರೆ ದಂಡೆ. ದಂಡೆಯ ಜೊತೆಗೆ ಸಾಗಿದರೆ ಅನುಕೂಲ, ದಂಡೆಗೆ ತಿರುಗಿ ಬಿದ್ದರೆ ಪ್ರತಿಕೂಲ. ‘ವಿರೋಧ’ದ ಒಳಗಿರುವ ‘ರುಧ್’ ಧಾತುವಿಗೆ ತಡೆ ಎಂದರ್ಥ. ಅದರ ಇನ್ನೊಂದು ಕುಡಿ ‘ರೋಧಸ್’ ಎಂಬ ಪದಕ್ಕೆ ದಂಡೆ, ಒಡ್ಡು ಎಂಬ ಅರ್ಥಗಳಿವೆ. ದಂಡೆ ಎನ್ನುವುದು ನೀರಿಗೆ ಎರಡೂ ಕಡೆಯಿಂದ ಬೇಡ ಬೇಡ ಎನ್ನುತ್ತ ನಿಂತ ಮಣ್ಣು. ಆ ಮಣ್ಣು ಸುಮ್ಮನಾದರೆ ಹೊಳೆ ಹೊಳೆಯಾಗಿ ಉಳಿಯುವುದಿಲ್ಲ, ಕೆಸರಾಗಿ ಹರಡುತ್ತದೆ.

ಘಟಪ್ರಭೆಯನ್ನು ಮೇಲಿನಿಂದ ಕೆಳಗೆ ನೋಡುತ್ತ ಬಂದರೆ ಅದರ ಬದುಕೆಲ್ಲ ಇಂಥ ತಡೆಗಳದ್ದೇ. ಸಹ್ಯಾದ್ರಿಯಲ್ಲಿ ಹುಟ್ಟಿ ಪೂರ್ವಕ್ಕೆ ಹರಿಯುವ ನದಿಗೆ ಹುಕ್ಕೇರಿ ತಾಲ್ಲೂಕಿನ ಹಿಡಕಲ್‌ನಲ್ಲಿ ದೊಡ್ಡ ಅಣೆಕಟ್ಟು ಅಡ್ಡ ನಿಂತಿದೆ; ಸುಮಾರು 51 ಟಿಎಂಸಿ ನೀರನ್ನು ಅದು ಹಿಡಿಯುತ್ತದೆ. ಆಮೇಲೆ ಚಂದ್ರಶೇಖರ ಕಂಬಾರರು ಹುಟ್ಟಿದ ಘೋಡಗೇರಿ, ಬ್ರಿಟಿಷರ ಕಾಲದ ಧೂಪದಾಳದ ಒಡ್ಡು. ಅಲ್ಲಿಂದ ಸ್ವಲ್ಪ ದೂರ ಸರಿದರೆ ಅಡ್ಡಿಯೇ ಇಲ್ಲದ ಜಾಗ, ಅಂದರೆ ಗೋಕಾಕ ಜಲಪಾತ. ಕುದುರೆ ಲಾಳದ ಆಕಾರದ ಬಂಡೆಯಿಂದ ನದಿ 52 ಮೀಟರ್ ಕೆಳಕ್ಕೆ ಧುಮುಕುತ್ತದೆ. 1887ರಲ್ಲೇ ಅಲ್ಲಿನ ಹತ್ತಿ ಗಿರಣಿಯವರು ಜಲಪಾತದ ಬುಡದಲ್ಲಿ ಟರ್ಬೈನು ಕೂರಿಸಿ, ಬೀಳುವ ನೀರಿಗೆ ಚಕ್ರ ಅಡ್ಡ ಹಿಡಿದು ದುಡಿಮೆಗೆ ಹಚ್ಚಿದರು. ತಂತಿಯಲ್ಲಿ ಹರಿಯುವ ವಿದ್ಯುತ್ತಿಗೆ ಆಗುವ ತಡೆಯನ್ನು ಇಂದಿನ ಭೌತಶಾಸ್ತ್ರದ ಪಠ್ಯಗಳು ‘ರೋಧ’ ಎಂದೇ ಕರೆಯುತ್ತವೆ. ಹಳೆಯ ಬುರುಡೆ ದೀಪ ಉರಿಯುತ್ತಿದ್ದುದು ಅದರೊಳಗಿನ ಸಣ್ಣ ತಂತಿ ಒಡ್ಡುತ್ತಿದ್ದ ಆ ರೋಧದಿಂದಲೇ.

ಹೊಳೆ ತನ್ನ ದಂಡೆಯ ಮಾತು ಕೇಳದ ವರ್ಷಗಳೂ ಇವೆ. 2019ರ ಆಗಸ್ಟ್‌ನಲ್ಲಿ ಘಟಪ್ರಭೆ, ಹಿರಣ್ಯಕೇಶಿ, ಮಾರ್ಕಂಡೇಯ ಮೂರೂ ಒಟ್ಟಿಗೆ ಉಕ್ಕಿದಾಗ ಲೋಳಸೂರ ಸೇತುವೆ ಮುಳುಗಿತು, ಗೋಕಾಕದ ಪೇಟೆಯೊಳಗೆ ನೀರು ಹೊಕ್ಕಿತು, ನದಿಯ ಕೆಳಗಿನ ಹಳ್ಳಿಗಳ ಜನ ದನಕರು ಹೊಡೆದುಕೊಂಡು ಎತ್ತರದ ಜಾಗಕ್ಕೆ ನಡೆದರು. ಆಗ ಎಲ್ಲರ ಬಾಯಲ್ಲಿದ್ದ ಪದ ‘ವಿಪರೀತ’. ವಿಪರೀತ ಮಳೆ, ವಿಪರೀತ ನೀರು.

ಈ ‘ವಿಪರೀತ’ದ ಕಥೆ ಸ್ವಾರಸ್ಯದ್ದು. ಸಂಸ್ಕೃತದಲ್ಲಿ ಅದರರ್ಥ ತಿರುಗುಮುರುಗಾದದ್ದು, ವಿರುದ್ಧವಾದದ್ದು. ಕನ್ನಡದಲ್ಲೂ ಒಂದು ಕಾಲಕ್ಕೆ ಹಾಗೇ ಇತ್ತು. ಬಾದಾಮಿಯ ತಟ್ಟುಕೋಟೆ ಬಂಡೆಯ ಮೇಲೆ ಸುಮಾರು ಕ್ರಿ.ಶ. 700ರಲ್ಲಿ ಕೆತ್ತಿದ ಕಪ್ಪೆ ಅರಭಟ್ಟನ ಶಾಸನ ಆ ವೀರನನ್ನು ‘ಕಲಿಯುಗವಿಪರೀತ’ ಎಂದು ಹೊಗಳುತ್ತದೆ. ಕೆಟ್ಟ ಕಾಲಕ್ಕೆ ಎದುರಾಗಿ ನಿಂತವನು ಎಂದು ಅದರ ತಾತ್ಪರ್ಯ. ಅದೇ ಪದವನ್ನು ಇಂದು ಮೂಡಲಗಿ ಬಸ್ ನಿಲ್ದಾಣದಲ್ಲಿ ಹೇಳಿದರೆ ‘ಕಲಿಯುಗ ವಿಪರೀತ ಆಗೇತಿ’ ಎಂದು ಕೇಳಿಸಿ, ಪಕ್ಕದವರು ಹೌದೌದು ಎಂದು ತಲೆಯಾಡಿಸುತ್ತಾರೆ. ವಿರೋಧ ಸೂಚಿಸುತ್ತಿದ್ದ ಪದ ಸಾವಿರದ ಮುನ್ನೂರು ವರ್ಷಗಳಲ್ಲಿ ಅತಿಯನ್ನು ಸೂಚಿಸುವ ಪದವಾಗಿದೆ. ಇಂಥ ಬದಲಾವಣೆಗೆ ಯಾರೂ ಅರ್ಜಿ ಕೊಟ್ಟಿರಲಿಲ್ಲ, ಯಾರೂ ವಿರೋಧಿಸಲೂ ಇಲ್ಲ.

ಎದುರು ನಿಂತ ಸೈನ್ಯಕ್ಕೆಂದೇ ಹಳಗನ್ನಡದಲ್ಲಿ ಒಂದು ಗಟ್ಟಿ ಪದವಿತ್ತು: ‘ಮಾರ್ವಲ’. ಮಾರ್ ಅಂದರೆ ಎದುರು. ಅದಕ್ಕೆ ಬಲ ಸೇರಿ, ಬಕಾರ ವಕಾರವಾಗಿ ಮಾರ್ವಲ. ಯುದ್ಧಗಳು ಮುಗಿದು ಆ ಪದ ನಿಘಂಟು ಸೇರಿತು. ಆದರೆ ಅದರ ಮೊದಲರ್ಧ ಇನ್ನೂ ಬದುಕಿದೆ. ಕೊಟ್ಟ ಉತ್ತರಕ್ಕೆ ತಿರುಗಿ ಕೊಡುವುದು ಮಾರುತ್ತರ. ಗೋಕಾಕ ಜಲಪಾತದ ಕಣಿವೆಯಲ್ಲಿ, ನೀರು ಕಡಿಮೆಯಿದ್ದ ದಿನಗಳಲ್ಲಿ, ಹುಡುಗರು ಕೇಕೆ ಹಾಕಿದರೆ ಎದುರು ಬಂಡೆಯಿಂದ ಬರುವುದು ಮಾರ್ದನಿ. ಸೈನ್ಯ ಹೋಯಿತು, ಪ್ರತಿಧ್ವನಿ ಉಳಿಯಿತು.

ಆ ಕಾಲದ ಅರಸರಿಗೆ ವೈರಿಯಿಲ್ಲದೆ ಬಿರುದೇ ಇರುತ್ತಿರಲಿಲ್ಲ. ಪಂಪನ ಆಶ್ರಯದಾತನ ಹೆಸರೇ ಅರಿಕೇಸರಿ, ಅರಿಗಳೆಂಬ ಆನೆಗಳಿಗೆ ಸಿಂಹ. ಆನೆಗಳಿಲ್ಲದಿದ್ದರೆ ಆ ಸಿಂಹ ಏನು ಮಾಡಬೇಕಿತ್ತೋ! ಪಂಪ 941ರ ಸುಮಾರಿಗೆ ಬರೆದ ‘ವಿಕ್ರಮಾರ್ಜುನ ವಿಜಯ’ದಲ್ಲಿ ಅರ್ಜುನನೇ ಅರಿಕೇಸರಿ. ಹಾಗಿದ್ದೂ ಕವಿಯ ಮನಸ್ಸು ಕರಗಿದ್ದು ಕರ್ಣನ ಕಡೆಗೆ, ಅಂದರೆ ತನ್ನ ದೊರೆಯ ಎದುರಾಳಿಯ ಕಡೆಗೆ. ದೊರೆ ಅದನ್ನು ಸಹಿಸಿಕೊಂಡು ಅಗ್ರಹಾರವನ್ನೂ ಕೊಟ್ಟ. ಇಂದಿನ ಚುನಾವಣಾ ಪ್ರಚಾರಗೀತೆ ಬರೆಯುವವರು ಈ ಸಾಹಸಕ್ಕೆ ಕೈ ಹಾಕದಿರುವುದು ಒಳ್ಳೆಯದು.

ಇನ್ನು ಹಗೆ. ಇದೂ ನಮ್ಮದೇ ಪದ. ಹಳಗನ್ನಡದ ‘ಪಗೆ’, ತಮಿಳಿನ ‘ಪಗೈ’, ತೆಲುಗಿನ ‘ಪಗ’. ಪಾಲು ಹಾಲಾದಂತೆ, ಪೂವು ಹೂವಾದಂತೆ ಪಗೆ ಹಗೆಯಾಯಿತು. ಬೆಳಗಾವಿ, ವಿಜಯಪುರದ ಕಡೆಯವರಿಗೆ ಇದರ ಪಕ್ಕದಲ್ಲೇ ಕೇಳಿಸುವ ಇನ್ನೊಂದು ಪದವಿದೆ: ಹಗೇವು. ಜೋಳ ತುಂಬಿಡಲು ನೆಲದೊಳಗೆ ತೋಡಿದ ಕಣಜ. ಎರಡೂ ಪದಗಳು ಅಕ್ಕತಂಗಿಯರೆಂದು ಸಾಧಿಸುವುದು ಇಲ್ಲಿನ ಉದ್ದೇಶವಲ್ಲ. ಆದರೆ ಹಗೇವು ತೆಗೆಯುವ ಕ್ರಮ ಬಲ್ಲವರಿಗೆ ಹೋಲಿಕೆ ತಾನಾಗಿ ಹೊಳೆಯುತ್ತದೆ. ಬಾಯಿ ತೆರೆದ ಕೂಡಲೇ ಯಾರೂ ಒಳಗೆ ಇಳಿಯಬಾರದು. ಒಳಗೆ ಕೆಟ್ಟ ಗಾಳಿ ಕಟ್ಟಿರುತ್ತದೆ, ಉಸಿರು ನಿಲ್ಲುತ್ತದೆ. ತೆರೆದಿಟ್ಟು ಗಾಳಿಯಾಡಲು ಬಿಡಬೇಕು. ಹಳ್ಳಿಯ ಹಿರಿಯರು ಎರಡು ಮನೆಗಳ ಹಳೆಯ ಹಗೆ ಬಿಡಿಸಲು ಕೂತಾಗಲೂ ಇದೇ ಕ್ರಮ. ಮೊದಲ ದಿನ ಮಳೆ ಬೆಳೆಯ ಮಾತು, ಎರಡನೆಯ ದಿನ ಚಹಾ, ಬದುವಿನ ಮಾತು ಏನಿದ್ದರೂ ಆಮೇಲೆ.

ಉಳಿದ ಪದಗಳಿಗೂ ಒಂದೊಂದು ವಂಶಾವಳಿ ಇದೆ. ವೈರ ಹುಟ್ಟಿದ್ದು ‘ವೀರ’ನಿಂದ. ‘ದುಸ್ಮನ್’ ಫಾರಸಿಯಿಂದ ಬಂದವನು, ನಮ್ಮ ‘ದುರ್ಮನ’ದ ದೂರದ ಸೋದರ, ಇಬ್ಬರ ಅರ್ಥವೂ ಕೆಟ್ಟ ಮನಸ್ಸೇ. ಕೋರ್ಟಿನ ‘ದಾವೆ’ ಅರಬ್ಬಿ ಮೂಲದ್ದು, ಮೂಲಾರ್ಥ ಹಕ್ಕಿನ ಮಾತು. ‘ದಾಯಾದಿ’ಯಂತೂ ಬರಿಯ ಪಾಲುದಾರ. ದಾಯವನ್ನು, ಅಂದರೆ ಆಸ್ತಿಯ ಪಾಲನ್ನು, ಪಡೆಯುವವನು ಎಂಬುದಷ್ಟೇ ಅದರ ಮೂಲ. ಪಾಲುದಾರ ಎಂಬ ಮುಗ್ಧ ಪದ ಮತ್ಸರದ ಹೆಸರಾದದ್ದು ಹೇಗೆ ಎಂದು ಯಾವುದೇ ತಾಲ್ಲೂಕು ಕೋರ್ಟಿನ ಕಟ್ಟೆಯ ಮೇಲೆ ಅರ್ಧ ತಾಸು ಕೂತರೆ ತಿಳಿದೀತು.

ಸವತಿಯ ವಿಷಯ ಮಾತ್ರ ಹೀಗೆ ಒಂದೇ ಸಾಲಿನಲ್ಲಿ ಮುಗಿಸುವಂಥದ್ದಲ್ಲ. ಸಂಸ್ಕೃತದ ‘ಸಪತ್ನೀ’ ಕನ್ನಡದಲ್ಲಿ ಸವತಿಯಾದಳು, ಸರಿ. ಆದರೆ ಸಂಸ್ಕೃತದಲ್ಲೇ ಇನ್ನೊಂದು ವಿಚಿತ್ರ ನಡೆದಿದೆ. ವೈರಿಗೆ ಅಲ್ಲಿ ‘ಸಪತ್ನ’ ಎಂಬ ಪುಲ್ಲಿಂಗ ಪದವಿದೆ. ಅದು ಹುಟ್ಟಿದ್ದು ‘ಸಪತ್ನೀ’ಯಿಂದ. ಅಂದರೆ ಮೊದಲು ಸವತಿ, ಆಮೇಲೆ ಅವಳ ಮಾದರಿಯಲ್ಲಿ ಗಂಡಸು ವೈರಿ. ರಣರಂಗದ ವೈರಿಗೆ ಹೆಸರಿಡಬೇಕಾದಾಗ ಹಿಂದಿನವರು ಅಡುಗೆಮನೆಯ ಕಡೆ ನೋಡಿದ್ದಾರೆ.

ಇದನ್ನು ಹಳೆಯ ಗೋಕಾಕ ತಾಲ್ಲೂಕಿನವರಿಗೆ ವಿವರಿಸಿ ಹೇಳಬೇಕಾಗಿಲ್ಲ, ಅವರದು ಪಾರಿಜಾತದ ನೆಲ. ರಾಯಚೂರು ಕಡೆಯ ಅಪರಾಳ ತಮ್ಮಣ್ಣನ ‘ಶ್ರೀಕೃಷ್ಣ ಪಾರಿಜಾತ’ವನ್ನು ತಿದ್ದಿ ಬೆಳೆಸಿ ಬಯಲಾಟವಾಗಿ ರಂಗಕ್ಕೆ ತಂದವನು ಕುಲಗೋಡದ ತಮ್ಮಣ್ಣ. ಕುಲಗೋಡವೂ ಮಸಗುಪ್ಪಿಯೂ ಇದೇ ಸೀಮೆಯ ಊರುಗಳು. ಕೌಜಲಗಿ ನಿಂಗಮ್ಮ ಈ ಆಟಕ್ಕೆ ದೊಡ್ಡ ಹೆಸರು ತಂದಳು. ಕಥೆ ಒಂದು ಹೂವಿನದು. ನಾರದ ತಂದ ಪಾರಿಜಾತವನ್ನು ಕೃಷ್ಣ ರುಕ್ಮಿಣಿಗೆ ಕೊಡುತ್ತಾನೆ, ಸುದ್ದಿ ಸತ್ಯಭಾಮೆಗೆ ಮುಟ್ಟುತ್ತದೆ, ಅಷ್ಟಕ್ಕೆ ಇಡೀ ರಾತ್ರಿ ಸಾಲುವುದಿಲ್ಲ. ಆಟ ನೋಡುವ ಹೆಂಗಸರು ರುಕ್ಮಿಣಿಗೆ ಕೈಮುಗಿದು, ಭಾಮೆಯ ಕಡೆಗೆ ವಾಲಿ ಕೂರುತ್ತಾರೆ. ಭಾಮೆಗೆ ರುಕ್ಮಿಣಿ ಸವತಿ, ನಿಜ. ಆದರೆ ಅವಳ ಜಗಳವೆಲ್ಲ ನಡೆಯುವುದು ಕೃಷ್ಣನ ಜೊತೆ. ಎದುರಾಳಿ ಯಾರು ಎಂಬುದರಲ್ಲಿ ಆಕೆ ಎಂದೂ ಗೊಂದಲ ಮಾಡಿಕೊಂಡವಳಲ್ಲ. ಹೂ ತಂದು ಕಡ್ಡಿ ಗೀರಿದ ನಾರದನನ್ನು ಮಾತ್ರ ಎಲ್ಲರೂ ಮರೆತುಬಿಡುತ್ತಾರೆ. ಈ ಕಾಲಕ್ಕೆ ಅವನಿದ್ದಿದ್ದರೆ ಒಂದು ವಾಹಿನಿಯನ್ನೇ ನಡೆಸುತ್ತಿದ್ದ.

ಎದುರು ಎಂಬುದನ್ನೇ ಕಲೆಯಾಗಿಸಿದ ಇನ್ನೊಂದು ಸಂಪ್ರದಾಯ ಈ ಭಾಗದ ಗೀಗೀ ಲಾವಣಿಯದು. ಅಲ್ಲಿ ಹರದೇಶಿ, ನಾಗೇಶಿ ಎಂದು ಎರಡು ಪಕ್ಷ. ಹರದೇಶಿಯವರು ಗಂಡು ಹೆಚ್ಚು, ಶಿವ ಹೆಚ್ಚು ಎಂದು ಹಾಡಿದರೆ ನಾಗೇಶಿಯವರು ಹೆಣ್ಣು ಹೆಚ್ಚು, ಶಕ್ತಿ ಹೆಚ್ಚು ಎಂದು ತಿರುಗಿಸುತ್ತಾರೆ. ದಪ್ಪು, ತುಂತುಣಿ, ತಾಳದ ನಡುವೆ ಒಬ್ಬರು ಸವಾಲು ಎಸೆಯುತ್ತಾರೆ, ಇನ್ನೊಬ್ಬರು ಜವಾಬು ಕೊಡಬೇಕು. ಜವಾಬು ಬರದಿದ್ದರೆ ಮಂದಿಯ ಮುಂದೆ ಮುಖಭಂಗ. ಜಾತ್ರೆಯ ಕಮಿಟಿಯವರು ಒಂದೇ ಮೇಳಕ್ಕೆ ವೀಳ್ಯ ಕೊಟ್ಟರೆ ಹಾಡು ಅರ್ಧ. ಎದುರು ಮೇಳ ಬಂದರೇನೇ ಜನ ಚಾಪೆ ಹಿಡಿದುಕೊಂಡು ಬರುವುದು. ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಎಂಬ ಮೊಕದ್ದಮೆ ಇಷ್ಟು ವರ್ಷಗಳಿಂದ ರಾತ್ರಿಯಿಡೀ ನಡೆದು, ತೀರ್ಪಿಲ್ಲದೆ ಮುಂದಿನ ಜಾತ್ರೆಗೆ ಹೋಗುತ್ತಲೇ ಇದೆ. ತೀರ್ಪಾದರೆ ಎರಡೂ ಮೇಳದವರ ಹೊಟ್ಟೆಪಾಡಿಗೆ ಕಲ್ಲು.

ಪ್ರಜಾಪ್ರಭುತ್ವವೂ ಇದೇ ಪಾಠವನ್ನು ‘ಪ್ರತಿಪಕ್ಷ’ ಎಂಬ ಪದದಲ್ಲಿ ಬಚ್ಚಿಟ್ಟುಕೊಂಡಿದೆ. ಪಕ್ಷ ಎಂದರೆ ರೆಕ್ಕೆ, ಪ್ರತಿಪಕ್ಷ ಎದುರಿನ ರೆಕ್ಕೆ. ಬೆಳಗಾವಿಯಲ್ಲಿ 2012ರಲ್ಲಿ ಉದ್ಘಾಟನೆಯಾದ ಸುವರ್ಣ ವಿಧಾನಸೌಧದ ಚಳಿಗಾಲದ ಅಧಿವೇಶನ ನೋಡಿದವರಿಗೆ ಹಕ್ಕಿ ಹಾರುವುದಕ್ಕಿಂತ ರೆಕ್ಕೆಗಳು ಬಡಿದಾಡುವುದೇ ಹೆಚ್ಚು ಕಂಡಿರಬಹುದು. ‘ವಿರೋಧ ಪಕ್ಷ’ ಎಂಬ ಪರ್ಯಾಯ ಅಷ್ಟು ಒಳ್ಳೆಯ ಪದವಲ್ಲ. ಮುಂಚೆಯೇ ಬೇಡ ಅನ್ನಲು ತೀರ್ಮಾನಿಸಿ ಬಂದವರ ಗುಂಪಿನಂತೆ ಕೇಳುತ್ತದೆ. ಆದರೆ ರೂಢಿ ಅದನ್ನೇ ಗೆಲ್ಲಿಸಿದೆ.

ಎದುರಾಳಿಯೇ ಕಾಣದ ಪಂದ್ಯವೊಂದು ಈ ಸೀಮೆಯ ಜಾತ್ರೆಗಳಲ್ಲಿ ನಡೆಯುತ್ತದೆ, ತೆರಬಂಡಿ. ಬಂಡಿಯ ಗಾಲಿಗಳು ತಿರುಗದಂತೆ ಬಿಗಿದಿರುತ್ತಾರೆ. ಅದಕ್ಕೆ ಎತ್ತು ಕಟ್ಟಿ, ಗೊತ್ತುಮಾಡಿದ ನಿಮಿಷಗಳಲ್ಲಿ ಎಷ್ಟು ದೂರ ಎಳೆಯುತ್ತವೆ ಎಂದು ಟೇಪು ಹಿಡಿದು ಅಳೆಯುತ್ತಾರೆ. ಒಂದು ಜೋಡಿ ಮುಗಿದ ಮೇಲೆ ಇನ್ನೊಂದು. ಒಂದರ ಪಕ್ಕ ಇನ್ನೊಂದು ಓಡುವುದಿಲ್ಲ. ಎತ್ತುಗಳಿಗೆ ಎದುರು ನಿಂತದ್ದು ನೆಲ. ಗಾಲಿ ಉಜ್ಜಿದ ಕಡೆ ಮಣ್ಣು ಕಿತ್ತು ಬರುತ್ತದೆ, ಎತ್ತಿನ ಗೊರಸು ಊರುತ್ತದೆ, ಮಾಲೀಕನ ಧ್ವನಿ ಒಡೆಯುತ್ತದೆ. ಪಠ್ಯಪುಸ್ತಕದ ‘ಘರ್ಷಣೆ’ ಎಂಬ ಪದ ಇಷ್ಟು ಚೆನ್ನಾಗಿ ಕಣ್ಣಿಗೆ ಕಾಣುವ ಜಾಗ ಮತ್ತೊಂದಿಲ್ಲ. ಆದರೆ ಅಲ್ಲಿ ನೆರೆದವರಲ್ಲಿ ಯಾರೂ ಆ ಪದ ಬಳಸುವುದಿಲ್ಲ. ‘ನೆಲ ಹಿಡೀತು’ ಎನ್ನುತ್ತಾರೆ. ಎಂಟನೆಯ ಇಯತ್ತೆಯ ಮಾಸ್ತರರು ಈ ಮಾತನ್ನು ತರಗತಿಗೆ ತಂದರೆ ಅರ್ಧ ಪಾಠ ಅಲ್ಲಿಗೇ ಮುಗಿದಂತೆ.

ಅದೇ ಜಾತ್ರೆಯ ಇನ್ನೊಂದು ಮೂಲೆಯಲ್ಲಿ ಕುಸ್ತಿ. ಸೋಲು ಗೆಲುವು ಇತ್ಯರ್ಥವಾಗುವವರೆಗೆ ನಡೆಯುವ ನಿಕಾಲಿ ಕುಸ್ತಿಗೆ ಪಂಚರು ಪೈಲವಾನರ ತೂಕ, ಹೆಸರು, ಹಿಂದಿನ ಗೆಲುವು ನೋಡಿ ‘ಜೋಡಿ’ ಕೂಡಿಸುತ್ತಾರೆ. ಎದುರು ಬದುರು ನಿಂತು ಒಬ್ಬರನ್ನೊಬ್ಬರು ಚಿತ್ ಮಾಡಲು ಬಂದವರಿಗೆ ಇಲ್ಲಿನ ಹೆಸರು ಜೋಡಿ! ನೊಗದ ಎತ್ತುಗಳಿಗೂ ಹಸೆಮಣೆಯ ಗಂಡಹೆಂಡಿರಿಗೂ ಬಳಸುವ ಪದ. ಒಳ್ಳೆಯ ಪೈಲವಾನನ ದೊಡ್ಡ ಕೊರಗು ಸೋಲಲ್ಲ, ‘ಜೋಡಿ ಸಿಗವಲ್ದು’ ಎಂಬುದು. ಸಮನಾದ ಎದುರಾಳಿ ಇಲ್ಲದ ವರ್ಷ ಅವನು ಬಾದಾಮಿ ಹಾಲು ಕುಡಿದದ್ದೆಲ್ಲ ದಂಡ.

ಹೀಗಿರುವಾಗ ಪತ್ರಿಕೆಗಳ ಕ್ರೀಡಾಪುಟದವರು ಏಕೆ ಇಷ್ಟು ಕಠಿಣರಾದರೋ. ಭಾರತ–ಪಾಕಿಸ್ತಾನ ಕ್ರಿಕೆಟ್ ಎಂದರೆ ಶೀರ್ಷಿಕೆಯಲ್ಲಿ ‘ಬದ್ಧವೈರಿ’ ಬರಲೇಬೇಕು. ಬದ್ಧ ಎಂದರೆ ಕಟ್ಟಿದ, ಬಿಚ್ಚಲಾಗದ. ಗಡಿಯ ವೈರ ಗಡಿಯಲ್ಲಿದ್ದೀತು. ಆದರೆ ಹನ್ನೊಂದು ಜನ ಬ್ಯಾಟು ಚೆಂಡು ಹಿಡಿದು, ಟಾಸು ಹಾಕಿ, ಅಂಪೈರು ಬೆರಳೆತ್ತಿದರೆ ತಲೆ ತಗ್ಗಿಸಿ ಪೆವಿಲಿಯನ್ನಿಗೆ ನಡೆಯುವುದಕ್ಕೆ ವೈರ ಎಂದರೆ ಆ ಪದಕ್ಕೇ ಅವಮಾನ. ಈಗಂತೂ ತಾಲ್ಲೂಕು ಮಟ್ಟದ ಕಬಡ್ಡಿಯ ವರದಿಯಲ್ಲೂ, ಗ್ರಾಮ ಪಂಚಾಯಿತಿ ಚುನಾವಣೆಯ ಸುದ್ದಿಯಲ್ಲೂ ‘ವೈರಿ’, ‘ಕಡುವೈರಿ’ಗಳು ತುಂಬಿದ್ದಾರೆ. ಆ ಕಡುವೈರಿಗಳಿಬ್ಬರು ಮರುದಿನ ಒಂದೇ ಹೋಟೆಲಿನಲ್ಲಿ ಎದುರು ಬದುರು ಕೂತು ಚಹಾ ಕುಡಿಯುವುದನ್ನು ವರದಿಗಾರನೂ ನೋಡಿರುತ್ತಾನೆ.

ಸಂಪಾದಕ ಮಹಾಶಯರೇ, ‘ಎದುರಾಳಿ’ ಎಂಬ ನಾಲ್ಕಕ್ಷರದ ಪದ ಕೈಗೆಟುಕುವಷ್ಟು ಹತ್ತಿರದಲ್ಲಿದೆ, ಶೀರ್ಷಿಕೆಯ ಅಂಕಣದಲ್ಲಿ ಸರಿಯಾಗಿ ಕೂರುತ್ತದೆ ಕೂಡ. ‘ಬದ್ಧವೈರಿ’ಯನ್ನು ಒಂದು ಕ್ರಿಕೆಟ್ ಋತುವಿನ ಮಟ್ಟಿಗಾದರೂ ರಜೆಯ ಮೇಲೆ ಕಳಿಸಿಕೊಡಿ.